ಧಾರೆ ನೀರಿನಲ್ಲಿ ಮಗಳ ಪಾಲೂ ಕೊಚ್ಚಿ ಹೋಗಬೇಕೆ?

ತಾಲ್ಲೂಕು ಕೇಂದ್ರದ ಯಾವ ಸಬ್ ರಿಜಿಸ್ಟ್ರಾರ್ ಕಚೇರಿ ಮುಂದಾದರೂ ಒಂದು ಗಂಟೆ ನಿಂತು ನೋಡಿ. ಟೀ ಅಂಗಡಿ ಬೆಂಚಿನ ಮೇಲೆ ಐವತ್ತು ದಾಟಿದ ಹೆಂಗಸರು ಇಬ್ಬರು ಮೂವರು ಕೂತಿರುತ್ತಾರೆ. ಬೆಳಗಿನ ಮೊದಲ ಬಸ್ಸಿಗೆ ಗಂಡನ ಮನೆಯಿಂದ ಬಂದವರು. ಅಣ್ಣನೋ ತಮ್ಮನೋ ಇಡ್ಲಿ ಕಾಫಿ ಕೊಡಿಸಿರುತ್ತಾನೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಖರ್ಚೂ ಅವನಿಗಿಲ್ಲ. 'ಏನ್ ಕೆಲ್ಸಕ್ಕೆ ಬಂದ್ರಮ್ಮಾ?' ಅಂತ ಕೇಳಿದರೆ, 'ಅದೇನೋ ಸೈನ್ ಹಾಕ್ಬೇಕಂತೆ' ಅನ್ನುತ್ತಾರೆ.

ಆ 'ಅದೇನೋ ಸೈನ್'ಗೆ ಹಕ್ಕು ಬಿಡುಗಡೆ ಪತ್ರ ಅಂತ ಹೆಸರು. ಕ್ಯಾಮೆರಾ ಮುಂದೆ ಮುಖ ತೋರಿಸಿ, ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿ, ಸಂಜೆ ಬಸ್ಸಿಗೆ ವಾಪಸ್. ತವರಿನ ಹೊಲ, ಮನೆ, ಅಂಗಡಿ ಮಳಿಗೆಯಲ್ಲಿದ್ದ ಪಾಲು ಅಲ್ಲಿಗೆ ಮುಗಿಯಿತು.

ಇದು ಸರಿಯೇನಪ್ಪಾ ಅಂತ ಕೇಳಿದರೆ ಅಣ್ಣತಮ್ಮಂದಿರ ಬಾಯಲ್ಲಿ ಒಂದೇ ಉತ್ತರ: 'ಧಾರೆ ಎರೆದು ಕೊಟ್ಟಾಯ್ತಲ್ಲ ಸ್ವಾಮಿ, ಇನ್ನೇನು ಅವಳದು ಇಲ್ಲಿ?'

ವಿಷಯ ಇರುವುದು ಇಲ್ಲೇ. ಧಾರೆ ಅಂದರೆ ಏನು? ಆ ನೀರು ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ?

ಲಗ್ನಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವುದು 'ಧಾರಾ ಮುಹೂರ್ತ'. ಅಪ್ಪ ಮಗಳ ಕೈಯನ್ನು ಅಳಿಯನ ಕೈಯಲ್ಲಿಡುತ್ತಾನೆ. ಅವ್ವ ನೀರು ಬಿಡುತ್ತಾಳೆ. ಕೆಲವು ಕಡೆ ಹಾಲು; ನೆಂಟರಿಷ್ಟರೂ ಸಾಲಾಗಿ ಬಂದು ಒಂದೊಂದು ಧಾರೆ ಹುಯ್ಯುತ್ತಾರೆ. ವಾಲಗದವರು ಗಟ್ಟಿಮೇಳ ಬಾರಿಸುತ್ತಾರೆ, ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ. ನೋಡಿದವರ ಕಣ್ಣಲ್ಲೂ ನೀರು ಬರುವ ಗಳಿಗೆ ಅದು. ಅದನ್ನು ಯಾರೂ ಹಗುರ ಮಾಡುವಂತಿಲ್ಲ.

ಆದರೆ ಇದೇ ನೀರಿಗೆ ಇನ್ನೊಂದು ಚರಿತ್ರೆಯೂ ಇದೆ. ನಮ್ಮ ಊರೂರ ದೇವಸ್ಥಾನದ ಕಲ್ಲುಶಾಸನಗಳಲ್ಲಿ 'ಧಾರಾಪೂರ್ವಕ' ಅನ್ನುವ ಮಾತು ಬರುತ್ತದೆ. ರಾಜನೋ ಗೌಡನೋ ಗದ್ದೆಯನ್ನು, ತೋಟವನ್ನು, ಊರನ್ನೇ ದಾನ ಕೊಡುವಾಗ ನೀರು ಬಿಟ್ಟು ಕೊಡುತ್ತಿದ್ದ. ನೀರು ಬಿಟ್ಟ ಮೇಲೆ ಆ ಭೂಮಿಯ ಮೇಲೆ ಕೊಟ್ಟವನಿಗೆ ಹಕ್ಕಿಲ್ಲ. ಭೂಮಿಗೆ ಬಿಟ್ಟ ನೀರನ್ನೇ ಹೆಣ್ಣಿಗೂ ಬಿಟ್ಟರು. ಹಾಗಾಗಿ ಜನರ ಮನಸ್ಸಿನಲ್ಲಿ ಮಗಳು ಕೊಟ್ಟ ಗದ್ದೆಯ ಸಾಲಿಗೇ ಸೇರಿಬಿಟ್ಟಳು. 'ಕೊಟ್ಟ ಹೆಣ್ಣು ಕುಲದ ಹೊರಗೆ' ಅನ್ನುವ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ.

ಗದ್ದೆಗೆ ಬಾಯಿಲ್ಲ. ಅದಕ್ಕೆ ತವರಿಲ್ಲ, ಹಸಿವಿಲ್ಲ. ಮಗಳಿಗೆ ಎಲ್ಲವೂ ಉಂಟು. ಈ ವ್ಯತ್ಯಾಸ ಶಾಸ್ತ್ರ ಮಾಡಿದವರಿಗೂ ಗೊತ್ತಿತ್ತು. ಪುರೋಹಿತರನ್ನೇ ಕೇಳಿ ನೋಡಿ. ಕನ್ಯಾದಾನದಲ್ಲಿ ವರ ಸುಮ್ಮನೆ ಕೈ ಹಿಡಿಯುವ ಹಾಗಿಲ್ಲ. ಧರ್ಮದಲ್ಲಿ, ಅರ್ಥದಲ್ಲಿ, ಕಾಮದಲ್ಲಿ ಇವಳನ್ನು ಮೀರಿ ನಡೆಯುವುದಿಲ್ಲ ಅಂತ 'ನಾತಿಚರಾಮಿ' ಹೇಳಬೇಕು. ಅರ್ಥ ಅಂದರೆ ದುಡ್ಡು, ಆಸ್ತಿ. ಹೊರಗಿನಿಂದ ಬಂದ ಅಳಿಯನ ಕೈಲಿ ದುಡ್ಡಿನ ವಿಷಯಕ್ಕೆ ಆಣೆ ಮಾಡಿಸುವ ಮನೆಯವರು, ತಾವೇ ಆ ಮಗಳನ್ನು ದುಡ್ಡಿನ ವಿಷಯದಲ್ಲಿ ಮೀರಬಹುದೆ?

ಇನ್ನು ಕರಾವಳಿಯ ಕಡೆ ನೋಡಿ. ಅಲ್ಲಿನ ಬಂಟರ ಮದುವೆಯಲ್ಲೂ ಧಾರೆಯೇ ಮುಖ್ಯ. ಕೈಗೆ ಕೈ ಕೂಡಿಸಿ ನೀರು ಬಿಡುತ್ತಾರೆ. ಆದರೆ ಅವರದು ಅಳಿಯಸಂತಾನ. ಆಸ್ತಿ ನಡೆದು ಬಂದದ್ದು ಹೆಣ್ಣಿನ ಕಡೆಯಿಂದ. ಧಾರೆ ಆದ ಮಾತ್ರಕ್ಕೆ ಹೆಣ್ಣು ತಾಯಿಮನೆಯ ಹಕ್ಕು ಕಳೆದುಕೊಳ್ಳುತ್ತಿರಲಿಲ್ಲ. ನೀರು ಅದೇ, ಗಿಂಡಿ ಅದೇ. ಪಾಲು ಮಾತ್ರ ಕೊಚ್ಚಿ ಹೋಗಲಿಲ್ಲ. ಅಂದಮೇಲೆ ಪಾಲು ತೊಳೆಯುವ ಗುಣ ನೀರಿನದಲ್ಲ, ಬಳಸುವವರದು.

ಕಾನೂನೂ ಬಹಳ ಕಾಲ ಧಾರೆಯ ಗೆರೆಯನ್ನೇ ನಂಬಿತ್ತು ಅನ್ನಿ. 1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಹೆಣ್ಣುಮಕ್ಕಳ ಹಕ್ಕಿಗೆ ಒಂದು ಕಾನೂನು ಮಾಡಿತು. ಆ ಕಾಲಕ್ಕೆ ದೊಡ್ಡ ಹೆಜ್ಜೆ. ಆದರೆ ಮನೆ ವಿಭಾಗದ ಹೊತ್ತಿಗೆ ಮಗಳೆಂದು ಪಾಲು ಸಿಕ್ಕಿದ್ದು ಮದುವೆಯಾಗದವಳಿಗೆ. 1956ರ ಉತ್ತರಾಧಿಕಾರ ಕಾಯ್ದೆ ಉಯಿಲು ಬರೆಯದೆ ಸತ್ತ ಅಪ್ಪನ ಸ್ವಂತ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಪಾಲು ಅಂದಿತು, ಮದುವೆ ಆಗಿದ್ದರೂ ಸರಿ. ಪಿತ್ರಾರ್ಜಿತದಲ್ಲಿ ಮಾತ್ರ ಗಂಡುಮಕ್ಕಳಂತೆ ಹುಟ್ಟಿನ ಹಕ್ಕು ಅವಳಿಗೆ ಬರಲಿಲ್ಲ. ಕರ್ನಾಟಕ ಅದನ್ನೂ ಕೊಟ್ಟಿತು. 1994ರ ಜುಲೈ 30ರಿಂದ ಜಾರಿ. ಆದರೆ ಅದಕ್ಕೆ ಮೊದಲು ಮದುವೆಯಾದವಳಿಗೆ ಇಲ್ಲ ಅಂತ ಬರೆದಿದ್ದರು. ಮತ್ತೆ ಅದೇ ಧಾರೆಯ ಗೆರೆ!

ಗೆರೆ ಅಳಿಸಿದ್ದು 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ. ಮದುವೆ ಯಾವಾಗಲೇ ಆಗಿರಲಿ, ಪಿತ್ರಾರ್ಜಿತದಲ್ಲಿ ಮಗನಿಗಿರುವ ಹಕ್ಕೇ ಮಗಳಿಗೂ. ಆ ದಿನ ಅಪ್ಪ ಬದುಕಿರಲೇಬೇಕೆ ಅನ್ನುವ ತಕರಾರು ಹದಿನೈದು ವರ್ಷ ಎಳೆಯಿತು. ಬದುಕಿರಬೇಕಿಲ್ಲ, ಹಕ್ಕು ಹುಟ್ಟಿನಿಂದಲೇ ಬರುವುದು ಅಂತ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ತೀರ್ಮಾನ ಕೊಟ್ಟಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಮಾಡಿಸಿದ ವಿಭಾಗಗಳನ್ನು, ಕೋರ್ಟಿನಲ್ಲಿ ಆದ ವಿಭಾಗಗಳನ್ನು ಮಾತ್ರ ಕೆದಕುವಂತಿಲ್ಲ. ಅಪ್ಪ ತನ್ನ ಸ್ವಂತ ದುಡಿಮೆಯ ಆಸ್ತಿಗೆ ಉಯಿಲು ಬರೆದಿದ್ದರೆ ಅದೂ ಬೇರೆ ಮಾತು.

ಮದುವೆಯೇ ಆಗಬೇಕಾದರೂ ಕನ್ಯಾದಾನ ಕಡ್ಡಾಯವಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಹೆಸರಿಟ್ಟು ಹೇಳುವುದು ಸಪ್ತಪದಿಯೊಂದನ್ನೇ, ಅದೂ ಸಪ್ತಪದಿ ಪದ್ಧತಿ ಇರುವವರಿಗೆ. ಅಲಹಾಬಾದ್ ಹೈಕೋರ್ಟು 2024ರಲ್ಲಿ ಇದನ್ನೇ ಹೇಳಿತು. ಮದುವೆಗೇ ಕಡ್ಡಾಯವಲ್ಲದ ಶಾಸ್ತ್ರ ಆಸ್ತಿಗೆ ಬೀಗ ಹಾಕುವುದು ಹೇಗೆ?

ಅಣ್ಣತಮ್ಮಂದಿರ ಮಾತಿನಲ್ಲಿ ನಿಜವೇ ಇಲ್ಲ ಅಂತಲ್ಲ. ಅಂಗಡಿ ಬೀದಿಯನ್ನೇ ನೋಡಿ. ಅಪ್ಪ ಇಟ್ಟ ದಿನಸಿ ಅಂಗಡಿ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದವನು ಮಗ. ಅಪ್ಪನ ಆಸ್ಪತ್ರೆ ಬಿಲ್ಲು ಕಟ್ಟಿದವನು, ತಂಗಿ ಮದುವೆ ಸಾಲ ತೀರಿಸಿದವನು ಅವನೇ. ಈಗ ಬ್ಯಾಂಕಿಗೆ ಸಾಲ ಕೇಳಲು ಹೋದರೆ 'ತಂಗಿಯರ ಸಹಿ ತನ್ನಿ' ಅನ್ನುತ್ತಾರೆ. ಅವನಿಗೆ ಸಂಕಟ ಆಗುವುದು ಸಹಜ.

ಆ ಸಂಕಟವನ್ನು ತಂಗಿಯ ಮುಂದೆ ಇಡಲಿ. ಲೆಕ್ಕ ತೆಗೆದು ತೋರಿಸಲಿ. ಅವನ ದುಡಿಮೆಗೆ ಬೆಲೆ ಕಟ್ಟಿ, ಉಳಿದದ್ದನ್ನು ಮಾತಾಡಲಿ. ಅದು ಬಿಟ್ಟು 'ನಿನ್ನ ಮದುವೆಗೆ ಖರ್ಚು ಮಾಡಲಿಲ್ವಾ' ಅನ್ನುವುದು ನ್ಯಾಯವಲ್ಲ. ಮಗನ ಮದುವೆ ಖರ್ಚನ್ನು ಮಗನ ಪಾಲಿನಲ್ಲಿ ಯಾರೂ ಹಿಡಿದುಕೊಳ್ಳುವುದಿಲ್ಲ. ಮದುವೆ ಊಟ ಉಂಡವರು ಊರಿನವರು; ಪಾಲು ಕಳೆದುಕೊಂಡವಳು ಮಗಳು.

ಹೆಂಗಸರು ಸುಮ್ಮನೆ ಸಹಿ ಹಾಕುವುದೇಕೆ? ದಡ್ಡತನದಿಂದಲ್ಲ. ಗೌರಿ ಹಬ್ಬಕ್ಕೆ ಮೊರದ ಬಾಗಿನ ಬರಬೇಕು. ಮಗಳ ಬಾಣಂತನಕ್ಕೆ ಒಂದು ಮನೆ ಬೇಕು. ಗಂಡ ಬೈದು ಹೊರಗೆ ಹಾಕಿದ ರಾತ್ರಿ ತಟ್ಟಲು ಒಂದು ಬಾಗಿಲು ಬೇಕು. ಪಾಲು ಕೇಳಿದರೆ ಆ ಬಾಗಿಲು ಮುಚ್ಚುತ್ತದೆ ಅನ್ನುವ ಭಯ. ಹತ್ತು ಗುಂಟೆ ಜಮೀನಿಗಿಂತ ತವರು ದೊಡ್ಡದು ಅಂತ ಎಣಿಸಿ ಹೆಬ್ಬೆಟ್ಟು ಒತ್ತುತ್ತಾರೆ. ಇದು ಪ್ರೀತಿ ಹೌದು. ಆದರೆ ಆ ಪ್ರೀತಿಗೆ ರಿಜಿಸ್ಟರ್ ಆದ ಪತ್ರದ ಬೆಲೆ ಕಟ್ಟಿಸಿಕೊಳ್ಳುವುದು ಯಾವ ಅಣ್ಣತನ?

ಇದಕ್ಕಿಂತ ಕೆಟ್ಟದ್ದೂ ನಡೆಯುತ್ತದೆ. ವಂಶವೃಕ್ಷ ಬರೆಸುವಾಗ ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟು ಖಾತೆ ಮಾಡಿಸಿಕೊಳ್ಳುವವರಿದ್ದಾರೆ. ಹೆತ್ತವರ ಮರದಿಂದ ಕೊಂಬೆ ಕಡಿದ ಹಾಗೆ. ಇದು ಶಾಸ್ತ್ರವೂ ಅಲ್ಲ, ಸಂಪ್ರದಾಯವೂ ಅಲ್ಲ. ಶುದ್ಧ ಮೋಸ.

ಧಾರೆಯನ್ನು ಬಿಟ್ಟುಬಿಡಿ ಅಂತ ಯಾರೂ ಹೇಳುತ್ತಿಲ್ಲ. ಎರೆಯುವವರು ಎರೆಯಲಿ. ಅದು ಮಗಳ ಕೈಯನ್ನು ಒಬ್ಬನ ಕೈಗೆ ನಂಬಿ ಕೊಡುವ ನೀರಾಗಲಿ. ಮಗಳನ್ನೇ ಮನೆಯಿಂದ ತೊಳೆದು ಹಾಕುವ ನೀರಾಗುವುದು ಬೇಡ.

ತಂಗಿ ತಾನಾಗಿ ಬಿಟ್ಟುಕೊಟ್ಟರೆ ಅದು ಅವಳ ದೊಡ್ಡತನ. ಆಗ ಧಾರೆ ಎರೆಯುವವಳು ಅವಳು. ಆದರೆ ಕೊಡುವುದಕ್ಕೆ ಮುಂಚೆ ತನ್ನ ಹತ್ತಿರ ಏನಿತ್ತು ಅಂತ ಅವಳಿಗೆ ಗೊತ್ತಿರಬೇಕಲ್ಲ? ಗೊತ್ತಿಲ್ಲದೆ ಕೊಟ್ಟದ್ದು ದಾನ ಅಲ್ಲ, ಕಳ್ಳತನವಾದದ್ದು.

ನೋಂದಣಿ ಕಚೇರಿಯವರು ಪತ್ರವನ್ನು ಆ ಹೆಂಗಸಿಗೆ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಲಿ. ಅಣ್ಣನನ್ನು ಐದು ನಿಮಿಷ ಹೊರಗೆ ನಿಲ್ಲಿಸಿ, 'ಏನು ಬಿಟ್ಟುಕೊಡ್ತಿದ್ದೀಯಾ ಗೊತ್ತೇನಮ್ಮಾ?' ಅಂತ ಕೇಳಲಿ. ಅಷ್ಟಕ್ಕೆ ಖಜಾನೆ ಖಾಲಿಯಾಗುವುದಿಲ್ಲ. ಬೆಂಚಿನ ಮೇಲೆ ಕೂತ ಅಕ್ಕಂದಿರಿಗೂ ಒಂದು ಮಾತು. ಇಡ್ಲಿ ತಿನ್ನಿ, ಕಾಫಿ ಕುಡಿಯಿರಿ. ಸಹಿ ಮಾತ್ರ ಓದಿಸಿ ಕೇಳಿದ ಮೇಲೆ ಹಾಕಿ. ಸಂಜೆ ಬಸ್ಸು ತಪ್ಪಿದರೆ ನಾಳೆ ಇನ್ನೊಂದು ಬಸ್ಸಿದೆ. ಹೆಬ್ಬೆಟ್ಟು ಒತ್ತಿದ ಪಾಲು ಅಷ್ಟು ಸುಲಭಕ್ಕೆ ವಾಪಸ್ ಬರುವುದಿಲ್ಲ.