ಸಿಎನ್‌ಸಿ ಇದ್ದ ಮಾತ್ರಕ್ಕೆ ವಿಮಾನ ಆಗಲ್ಲ ಗುರು

1/5
ಶೆಡ್‌ನಲ್ಲಿ ಕೆನಾರ್ಡ್ ವಿಮಾನ ಕಟ್ಟೋ ರೀಲ್ಸ್ ಎಲ್ರೂ ನೋಡಿದ್ದೀರ. ಪುಟ್ಟ ರೆಕ್ಕೆ ಮುಂದೆ, ದೊಡ್ಡ ರೆಕ್ಕೆ ಹಿಂದೆ, ಪ್ರೊಪೆಲ್ಲರ್ ಬೆನ್ನಿಗೆ. ಕೆಳಗೆ ಕಾಮೆಂಟ್ ಮಾತ್ರ ಒಂದೇ: "ಸಿಎನ್‌ಸಿ ಇದ್ರೆ ಮುಗೀತು, ನಮ್ಮದೇ ಡಿಸೈನ್ ಹಾಕಿ ಕಟ್ ಮಾಡೋದಷ್ಟೇ." ಆ "ಅಷ್ಟೇ" ಮೇಲೇ ನನ್ನ ತಕರಾರು. "ಬಿಕಾಂ ಓದೋನಿಗೆ ವಿಮಾನ ಯಾಕೆ?" ಅನ್ನೋರು 3ನೇ ಭಾಗಕ್ಕೆ ಬನ್ನಿ.

2/5
ಬರ್ಟ್ ರುಟಾನ್ ಅವರ ಲಾಂಗ್-ಈಝಿ ಮೊದಲು ಹಾರಿದ್ದು 1979ರಲ್ಲಿ. ಅವರು ಮಾರಿದ್ದು ಡ್ರಾಯಿಂಗ್. ಫೋಮ್ ಬ್ಲಾಕಿನ ಎರಡೂ ತುದಿಗೆ ಟೆಂಪ್ಲೇಟ್ ಹೊಡೆದು, ಇಬ್ಬರು ಬಿಸಿ ತಂತಿ ಹಿಡಿದು, ನಂಬರ್ ಕೂಗ್ತಾ ಒಟ್ಟಿಗೆ ಎಳೀಬೇಕು. ಈ ಕೆಲಸಾನ ಸಿಎನ್‌ಸಿ ಚೆನ್ನಾಗೇ ಮಾಡುತ್ತೆ, ಒಪ್ಪಿದೆ. ಆಮೇಲೆ? ಗ್ಲಾಸ್ ಬಟ್ಟೆ ಸರಿಯಾದ ಕೋನದಲ್ಲಿ ಹಾಸೋದು, ಎಪಾಕ್ಸಿ ಹದವಾಗಿ ಹಚ್ಚೋದು (ಜಾಸ್ತಿ ಆದ್ರೆ ತೂಕ, ಕಡಿಮೆ ಆದ್ರೆ ಒಳಗೆ ಗಾಳಿ), ಫಿಲ್ಲರ್ ಮೆತ್ತಿ ಉಜ್ಜೋದು. ಎಲ್ಲಾ ಕೈಕೆಲಸ. ಮಷೀನ್ ಕೊಟ್ಟ ನಿಖರತೆಯನ್ನ ಒಂದು ಸ್ಯಾಂಡ್‌ಪೇಪರ್ ಹಾಳು ಮಾಡಬಹುದು.

3/5
ಈಗ ನಮ್ಮ ಸಬ್ಜೆಕ್ಟ್. ಮಷೀನ್ ಸ್ಥಿರ ವೆಚ್ಚ. ನೂರು ಪೀಸ್ ಮಾಡಿದ್ರೆ ಹಂಚಿಹೋಗುತ್ತೆ. ನೀವು ಕಟ್ಟೋದು ಒಂದೇ ವಿಮಾನ, ಪೂರ್ತಿ ಸವಕಳಿ ಅದರ ತಲೆ ಮೇಲೆ. ಟೆಂಪ್ಲೇಟ್, ಬಲ್ಕ್‌ಹೆಡ್, ಪ್ಯಾನೆಲ್ ಬೇಕಾದ್ರೆ ಫೈಲ್ ಕೊಟ್ಟು ಪೀಣ್ಯದಲ್ಲಿ ಜಾಬ್ ವರ್ಕ್ ಮಾಡಿಸಿ. ಉಳಿದ ದುಡ್ಡು ಎಂಜಿನ್‌ಗೆ ಇಡಿ, ಜೇಬು ನಿಜವಾಗಿ ಸುಡೋದು ಅಲ್ಲೇ.

4/5
ದುಡ್ಡಿಗಿಂತ ದೊಡ್ಡ ವಿಷಯ ಇದು. ಸಿಎನ್‌ಸಿ ಬಂದ್ಮೇಲೆ ಬದಲಾವಣೆ ಅಗ್ಗ ಆಗಿದೆ. ಎರಡು ಕ್ಲಿಕ್, ಹೊಸ ಆಕಾರ. ಅದರ ಪರಿಣಾಮ ಮಾತ್ರ ಅಗ್ಗ ಆಗಿಲ್ಲ. ಕೆನಾರ್ಡಿನ ಸುರಕ್ಷತೆ ನಿಂತಿರೋದೇ ಒಂದು ನಿಯಮದ ಮೇಲೆ: ವೇಗ ಕುಸಿದಾಗ ಮುಂದಿನ ರೆಕ್ಕೆ ಮೊದಲು ಸ್ಟಾಲ್ ಆಗಬೇಕು, ಮೂತಿ ತಾನಾಗೇ ಇಳೀಬೇಕು. ರೆಕ್ಕೆಯ ಕೋನ ಅಥವಾ ತೂಕದ ಕೇಂದ್ರ ತಪ್ಪಿ ಹಿಂದಿನದು ಮೊದಲು ಸ್ಟಾಲ್ ಆದ್ರೆ ಚೇತರಿಸಿಕೊಳ್ಳೋದೇ ಕಷ್ಟ. ಮಷೀನ್ ತಪ್ಪು ಕೋನವನ್ನೂ ಅಷ್ಟೇ ನೀಟಾಗಿ ಕಟ್ ಮಾಡುತ್ತೆ.

ಗಾಯಕ ಜಾನ್ ಡೆನ್ವರ್ 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸತ್ತಿದ್ದು ಲಾಂಗ್-ಈಝಿಯಲ್ಲೇ. ಡ್ರಾಯಿಂಗ್ ಪ್ರಕಾರ ಇಂಧನದ ವಾಲ್ವ್ ಪೈಲಟ್ ಕಾಲುಗಳ ನಡುವೆ ಇರಬೇಕು. ಕಟ್ಟಿದವರು ಅದನ್ನ ಎಡ ಭುಜದ ಹಿಂದಕ್ಕೆ ಇಟ್ಟಿದ್ರು. ಹಾರುವಾಗ ಇಂಧನವೂ ಕಡಿಮೆ ಇತ್ತು. ಆ ವಾಲ್ವ್ ತಿರುಗಿಸೋಕೆ ಹೋಗಿ ಹತೋಟಿ ತಪ್ಪಿತು ಅಂತ ತನಿಖೆ ಹೇಳಿತು. ಒಂದು "ಚಿಕ್ಕ" ಬದಲಾವಣೆ ಅಷ್ಟೇ!

5/5
ಹಾಗಾದ್ರೆ ಕನಸು ಬಿಡಬೇಕಾ? ಬೇಡ. 1980ರ ದಶಕದಲ್ಲಿ ನಮ್ಮ ಬೆಂಗಳೂರಿನ ಎನ್‌ಎಎಲ್ ಕೂಡ ಲಾಂಗ್-ಈಝಿ ಆಧರಿಸಿ ಒಂದು ಹಗುರ ಕೆನಾರ್ಡ್ ವಿಮಾನ ಕಟ್ಟಿ ಹಾರಿಸಿದೆ. ಲ್ಯಾಬ್ ತುಂಬಾ ವಿಜ್ಞಾನಿಗಳಿದ್ದೋರೇ ಹಾರಿ ತೋರಿಸಿದ ಡಿಸೈನ್‌ನಿಂದ ಶುರು ಮಾಡಿದ್ರು. ನಾವು ಸೊನ್ನೆಯಿಂದ ಶುರು ಮಾಡ್ತೀವಾ?

ನನ್ನ ಪ್ಲಾನ್ ಇದು: ಹಾರಿ ಗೆದ್ದಿರೋ ಡ್ರಾಯಿಂಗ್ ಹಿಡೀರಿ. ಕಟ್ ಮಾಡೋ ಮುಂಚೆ ಫ್ರೀಜ್ ಮಾಡಿ. ಪ್ರತಿ ಪಾರ್ಟ್ ತೂಗಿ ಬರೆದಿಡಿ. ಬದಲಾವಣೆ ಬೇಕೇ ಬೇಕು ಅಂದ್ರೆ ರಿಜಿಸ್ಟರ್ ಇಡಿ: ಏನು, ಯಾಕೆ, ಯಾರು ಚೆಕ್ ಮಾಡಿದ್ರು. ವೋಚರ್ ಇಲ್ಲದೆ ಎಂಟ್ರಿ ಇಲ್ಲ ಅಂತ ಫಸ್ಟ್ ಇಯರ್‌ನಲ್ಲೇ ಕಲಿತಿಲ್ವಾ? ಪುಸ್ತಕದಲ್ಲಿ ತಪ್ಪಾದ್ರೆ ರೆಕ್ಟಿಫಿಕೇಶನ್ ಎಂಟ್ರಿ ಇದೆ. ಆಕಾಶದಲ್ಲಿ ಇಲ್ಲ.

ಒಪ್ಪಲ್ವಾ? ಕಾಮೆಂಟ್‌ಗೆ ಬನ್ನಿ, ಲೆಕ್ಕ ಹಿಡ್ಕೊಂಡು ಬನ್ನಿ.

#ಕೆನಾರ್ಡ್ #ಲಾಂಗ್ಈಝಿ #ಸಿಎನ್‌ಸಿ #ಬಿಕಾಂಹುಡುಗರು