'ಸಾಹಿತ್ಯ: ಜಾನಪದ' ಅಂದ್ರ ಏನ್ರಿ?

ನಾವು ಮೂವರು ಕೂಡಿ ಒಂದು ಹಾಡು ಮಾಡಿದೆವು. ಒಬ್ಬ ಗೋಕಾಕದವ, ಒಬ್ಬ ಮೂಡಲಗಿಯವ, ಒಬ್ಬ ಹುಕ್ಕೇರಿಯವ. ಮೂವರೂ ಊರ ಹೊರಗಿನ ಓಣಿಯವರು. ಹುಕ್ಕೇರಿಯ ಗೆಳೆಯ ರ‍್ಯಾಪ್ ಬರೆದ, ಮೂಡಲಗಿಯವ ರಾಗ ಹಚ್ಚಿದ, ಗೋಕಾಕದವ ಹಾಡಿದ. ನಮ್ಮ ಓಣಿಯ ಕಾಕಾ ಹಲಗಿ ಬಾರಿಸಿದ. ಹಿಡಕಲ್ಲಿನಿಂದ ಹೊರಟ ಘಟಪ್ರಭೆಯ ನೀರು ಊರವರ ಕಬ್ಬಿಗೆ ಮುಟ್ಟುತ್ತದೆ, ನಮ್ಮ ಕೇರಿಯ ನಳಕ್ಕೆ ಯಾಕ ಮುಟ್ಟೂದಿಲ್ಲ? ಇಷ್ಟೇ ಹಾಡಿನ ಮಾತು. ರೆಕಾರ್ಡಿಂಗ್ ಮಾಡಿದ ಧಣಿ ಅದನ್ನು ತನ್ನ ಚಾನೆಲ್ಲಿಗೆ ಹಾಕಿದ. ಜನ ಕೇಳಿದರು. ಜಾತ್ರೆಯ ಡಿಜೆಯೊಳಗೂ ಬಂತು. ಕೆಳಗೆ ಹೆಸರು ನೋಡಿದರೆ: ನಿರ್ಮಾಣ ಧಣಿಯದು, ಅರ್ಪಣೆ ಧಣಿಯ ಅಪ್ಪನಿಗೆ, 'ಸಾಹಿತ್ಯ: ಜಾನಪದ'.

ಬರೆದವನಿಗೆ ಇನ್ನೂ ಇಪ್ಪತ್ತನಾಕು ವರ್ಷ. ಬಿ.ಎ. ಪಾಸಾಗಿದ್ದಾನೆ. ರೇಷನ್ ಕಾರ್ಡಿನಲ್ಲಿ ಹೆಸರಿದೆ, ಮತದಾರರ ಪಟ್ಟಿಯಲ್ಲಿ ಹೆಸರಿದೆ. ಓಟು ಬೇಕಾದಾಗ ಹೆಸರು ಹಿಡಿದು ಕೂಗುತ್ತಾರೆ. ಹಾಡು ಬರೆದ ಕೂಡಲೇ ಅವನು ಜಾನಪದ ಹೆಂಗಾದ?

ಕೇಳಿದ್ದಕ್ಕೆ ಧಣಿ ನಕ್ಕ. "ಜಾನಪದಕ್ಕ ಹೆಸರು ಇರೂದಿಲ್ಲೋ ತಮ್ಮಾ" ಅಂದ. ಈ ಮಾತು ಅವನೊಬ್ಬನದಲ್ಲ. ವಿಶ್ವವಿದ್ಯಾಲಯದ ಪಂಡಿತರು ಇದನ್ನೇ ನಮಗೆ ಪಾಠ ಮಾಡಿದ್ದಾರೆ: ಜನಪದರು ನಿರಹಂಕಾರಿಗಳು, ತಮ್ಮ ಹೆಸರು ಬಯಸದ ಸಂತರು. ಪಂಡಿತರೇ, ಲಾವಣಿ ಕೇಳಿದ್ದೀರಾ? ನಮ್ಮ ಸೀಮೆಯ ಲಾವಣಿಕಾರ ಕಡೀ ನುಡಿಯಲ್ಲಿ ತನ್ನ ಊರು, ತನ್ನ ಗುರು, ತನ್ನ ಹೆಸರು ಹೇಳಿಯೇ ಹಲಗಿ ಕೆಳಗಿಡುತ್ತಾನೆ. ಹರದೇಶಿ–ನಾಗೇಶಿ ಮೇಳದಾಗ ಸವಾಲು ಹಾಕುವವ ತಾನು ಯಾರೆಂದು ಹೇಳದೆ ಸವಾಲು ಹಾಕುವುದುಂಟೇ? ಶ್ರೀಕೃಷ್ಣ ಪಾರಿಜಾತ ಒಬ್ಬರ ಕೂಸಲ್ಲ. ಅಪರಾಳ ತಮ್ಮಣ್ಣ ಬರೆದದ್ದನ್ನು ಈಗಿನ ಮೂಡಲಗಿ ತಾಲೂಕಿನ ಕುಲಗೋಡದ ತಮ್ಮಣ್ಣ ಆಟಕ್ಕೆ ಇಳಿಸಿದ. ಮುಂದೆ ಕೌಜಲಗಿ ನಿಂಗಮ್ಮ ಅದನ್ನು ಊರೂರಿಗೆ ಒಯ್ದಳು. ಮೂರೂ ಹೆಸರು ಇವತ್ತಿಗೂ ನಮ್ಮ ಕಟ್ಟೆಯ ಮೇಲಿನ ಮುದುಕರ ಬಾಯಾಗ ಇವೆ. ಕೂಡಿ ಮಾಡಿದ್ದಕ್ಕೆ ಹೆಸರಿರುವುದಿಲ್ಲ ಎಂದು ಯಾರು ಹೇಳಿದರು? ಹೆಸರು ಅಳಿಸಿದವರು ಹೇಳಿದರು.

ಈಗ ದಕ್ಷಿಣದ ಕಡೆಗೆ ನೋಡಿರಿ. 2020ರ ಆಗಸ್ಟಿನಲ್ಲಿ, ಗಣೇಶ ಚೌತಿಯ ಹೊತ್ತಿಗೆ, ಚಂದನ್ ಶೆಟ್ಟಿ 'ಕೋಲುಮಂಡೆ'ಯನ್ನು ರ‍್ಯಾಪ್ ಮಾಡಿ ಬಿಟ್ಟರು, ಆನಂದ್ ಆಡಿಯೋದವರ ಮೂಲಕ. ಮಲೆ ಮಾದಪ್ಪನ ಕಾವ್ಯದ ಹಾಡು ಅದು. ಕಂಸಾಳೆ ಹಿಡಿದ ದೇವರಗುಡ್ಡರು ತಲೆಮಾರುಗಟ್ಟಲೆ ಭಿಕ್ಷೆ ಎತ್ತುತ್ತ ಕಾಪಾಡಿದ ಹಾಡು. 1996ರ 'ಜನುಮದ ಜೋಡಿ' ಚಿತ್ರದಲ್ಲೂ ಅದು ಬಂದಿತ್ತು. ಚಂದನ್ ಶೆಟ್ಟರ ವಿಡಿಯೋ ಬಂದ ಕೂಡಲೇ ಗದ್ದಲವಾಯಿತು. ಶರಣೆ ಸಂಕಮ್ಮನನ್ನು ಅಶ್ಲೀಲವಾಗಿ ತೋರಿಸಿದ್ದಾರೆ, ಭಕ್ತರ ಮನಸ್ಸಿಗೆ ನೋವಾಗಿದೆ ಎಂದರು. ಅವರು ಕ್ಷಮೆ ಕೇಳಿದರು, ವಿಡಿಯೋ ತೆಗೆದರು, ಗದ್ದಲ ನಿಂತಿತು.

ನಿಂತದ್ದೇ ನಮಗೆ ಸಿಟ್ಟು. ಸಂಕಮ್ಮನ ಸೀರೆಯ ಬಗ್ಗೆ ಅಷ್ಟು ಮಾತಾಡಿದವರು ಸಂಕಮ್ಮನ ಬಗ್ಗೆ ಏನು ಮಾತಾಡಿದರು? ಕಾವ್ಯದಲ್ಲಿ ಅವಳು ಕಾಡಿನ ಸೋಲಿಗರ ಹೆಣ್ಣು. ಗಂಡ ನೀಲಯ್ಯ ಜೇನು ತರಲು ಹೊರಟಾಗ, ಬಲಗೈ ಭಾಷೆ ಕೊಡು, ಶೀಲ ಕಾಯುತ್ತೇನೆಂದು ಆಣೆ ಮಾಡು ಎಂದು ಹಿಂಸೆ ಕೊಡುತ್ತಾನೆ. ಅವಳು ಕೊಡುವುದಿಲ್ಲ. ಆ 'ಕೊಡೂದಿಲ್ಲ'ವೇ ಕಾವ್ಯದ ಬೆನ್ನೆಲುಬು. ವಿಡಿಯೋ ಮಾಡಿದವರಿಗೆ ಅವಳ ಮೈ ಬೇಕಾಯಿತು, ವಿರೋಧಿಸಿದವರಿಗೆ ಅವಳ ಮಾನ ಬೇಕಾಯಿತು. ಅವಳ ಮಾತು ಇಬ್ಬರಿಗೂ ಬೇಡವಾಯಿತು. ಇನ್ನು ಅವಳನ್ನು ಇಷ್ಟು ಕಾಲ ನಾಲಿಗೆಯ ಮೇಲೆ ಉಳಿಸಿಕೊಂಡ ಕಂಸಾಳೆಯವರಿಗೆ ಪಾಲೆಷ್ಟು ಎಂಬ ಪ್ರಶ್ನೆ ಆ ಗದ್ದಲದೊಳಗೆ ನಮ್ಮ ಕಿವಿಗೆ ಬೀಳಲಿಲ್ಲ. ಭಾವನೆಗೆ ಧಕ್ಕೆಯಾದರೆ ಮೆರವಣಿಗೆ, ಹೊಟ್ಟೆಗೆ ಧಕ್ಕೆಯಾದರೆ ಸುಮ್ಮನೆ!

ತಮಿಳುನಾಡಿನಲ್ಲಿ ಆದದ್ದು ಇನ್ನೂ ಕಹಿ. 2021ರ ಮಾರ್ಚಿನಲ್ಲಿ 'ಎಂಜಾಯ್ ಎಂಜಾಮಿ' ಬಂತು. ಅರಕ್ಕೋಣದ ದಲಿತ ಹುಡುಗ ಅರಿವು ಬರೆದ, ಧೀ ಜೊತೆಗೂಡಿ ಹಾಡಿದ. ಸಂತೋಷ್ ನಾರಾಯಣನ್ ನಿರ್ಮಿಸಿದರು. ಸಿಲೋನಿನ ಚಹಾ ತೋಟದಲ್ಲಿ ಬೆವರು ಸುರಿಸಿ, ಕಡೆಗೆ ಬರಿಗೈಲಿ ವಾಪಸು ಬಂದ ಅಜ್ಜಿ ವಳ್ಳಿಯಮ್ಮನ ನೆನಪು ಆ ಹಾಡಿನ ಬೇರು. ನೆಲ ಉತ್ತವರಿಗೆ ನೆಲವಿಲ್ಲ ಎಂಬ ಮಾತಿಗೆ ಜಗತ್ತು ಕುಣಿಯಿತು. ಗೋಕಾಕದ ಮದುವೆಯ ಬ್ಯಾಂಡಿನವರೂ ಬಾರಿಸಿದರು, ನಾವೂ ಕುಣಿದೆವು. ಅದೇ ವರ್ಷ ಆಗಸ್ಟಿನಲ್ಲಿ ರೋಲಿಂಗ್ ಸ್ಟೋನ್ ಇಂಡಿಯಾ ಪತ್ರಿಕೆಯ ಮುಖಪುಟದಲ್ಲಿ ಧೀ ಇದ್ದರು, ಬರೆದ ಅರಿವು ಇರಲಿಲ್ಲ. ಪಾ. ರಂಜಿತ್ ಬಹಿರಂಗವಾಗಿಯೇ ಕೇಳಿದರು, ಇದೇನು ಅಳಿಸಾಟ ಎಂದು. 2022ರ ಜುಲೈನಲ್ಲಿ ಚೆನ್ನೈಯ ಚೆಸ್ ಒಲಿಂಪಿಯಾಡಿನ ಉದ್ಘಾಟನೆಯಲ್ಲಿ ಹಾಡು ಮೊಳಗಿತು, ಅರಿವು ಅಲ್ಲಿಯೂ ಇರಲಿಲ್ಲ. ಆತ ಬಾಯಿಬಿಟ್ಟಾಗ, ಇದು ಕೂಡಿ ಮಾಡಿದ್ದು, ಎಲ್ಲರದ್ದು ಎಂದು ಉತ್ತರ ಬಂತು. 2024ರಲ್ಲಿ ಸಂತೋಷ್ ನಾರಾಯಣನ್ ತಾವೇ ಹೇಳಿದರು: ಈ ಹಾಡಿನಿಂದ ನಮಗೆ ಒಂದು ಪೈಸೆ ಬಂದಿಲ್ಲ.

ಕೂಡಿ ಮಾಡಿದ್ದು ಎಲ್ಲರದ್ದು. ಒಳ್ಳೆಯ ಮಾತು. ಊರ ಕೆರೆಯೂ ಎಲ್ಲರದ್ದೇ ಆಗಿತ್ತಲ್ಲ!

ಕಾನೂನು ಇಲ್ಲವೆಂದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಗಿದೆ. ಹಾಡು ಬರೆದವ, ರಾಗ ಹಾಕಿದವ ತಮ್ಮ ರಾಯಲ್ಟಿಯ ಸಮಪಾಲನ್ನು ಕಂಪನಿಗೆ ಬರೆದುಕೊಟ್ಟರೂ ಅದು ನಡೆಯುವುದಿಲ್ಲ. ವಾರಸುದಾರರಿಗೆ ಕೊಡಬಹುದು, ಅಥವಾ ವಸೂಲಿಗೆಂದು ಕೃತಿಸ್ವಾಮ್ಯ ಸಂಘಕ್ಕೆ. ಹಾಡಿದವರಿಗೂ ಬಾರಿಸಿದವರಿಗೂ ಹಕ್ಕು ಹೇಳಿದೆ. ಆದರೆ 'ಜಾನಪದ' ಎಂದು ಬರೆದ ಕೂಡಲೇ ಬರೆದವನೇ ಇಲ್ಲ. ಬರೆದವ ಇಲ್ಲವೆಂದ ಮೇಲೆ ಯಾರಿಗೆ ಪಾಲು? ರೆಕಾರ್ಡ್ ಮಾಡಿದವನದೇ ಹಾಡು. ಧಣಿ ಕಾನೂನು ಓದಿಲ್ಲ, ಆದರೂ ಎಂಥ ಶಬ್ದ ಹುಡುಕಿದ ನೋಡ್ರಿ!

ಇನ್ನು ನಮ್ಮ ಹಿರಿಯ ಸಾಹಿತಿಗಳು. ರ‍್ಯಾಪ್ ಅಮೆರಿಕದ ಕೊಳೆ, ಅದು ನಮ್ಮ ಮಣ್ಣಿನದಲ್ಲ ಎಂದು ವೇದಿಕೆಯ ಮೇಲೆ ಮೂಗು ಮುರಿಯುತ್ತಾರೆ. ಅಣ್ಣಗಳಿರಾ, 1973ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಓಣಿಯಲ್ಲಿ ಕೂಲ್ ಹರ್ಕ್ ಎಂಬ ಕಪ್ಪು ಹುಡುಗ ತಟ್ಟೆ ತಿರುಗಿಸಿದ. ಅದೇ ವರ್ಷ ನವೆಂಬರಿನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು, ಕುರ್ಚಿ ಕಳೆದುಕೊಂಡರು. ಅದಕ್ಕೂ ಒಂದು ವರ್ಷ ಮುಂಚೆ ಮುಂಬಯಿಯ ದಲಿತ ಪ್ಯಾಂಥರರು ತಮ್ಮ ಹೆಸರನ್ನೇ ಅಮೆರಿಕದ ಕಪ್ಪು ಜನರಿಂದ ತಂದರು. ಆಗ ಅದು ಪರದೇಶದ ಕೊಳೆ ಆಗಲಿಲ್ಲ. ರ‍್ಯಾಪಿನ ಹುಡುಗನೂ ಲಾವಣಿಕಾರನ ಹಾಗೆ ಹಾಡಿನೊಳಗೇ ತನ್ನ ಹೆಸರು, ತನ್ನ ಓಣಿ ಹೇಳಿಕೊಳ್ಳುತ್ತಾನೆ. ಅದಕ್ಕೇ ಅದು ನಮಗೆ ಬೇಕು. ಡಿಜೆ ಬಂದು ಹಲಗಿ ಸತ್ತಿತೆಂದು ಅಳುವವರೂ ಇದ್ದಾರೆ. ಹೆಣದ ಮುಂದೆ ಬಿಟ್ಟಿ ಬಾರಿಸುವ ಹಲಗಿ ಸಾಯಲಿ ಬಿಡ್ರಿ. ಅದನ್ನು ಬಿಸಾಕಿರೆಂದು ನಮ್ಮ ಅಣ್ಣಂದಿರು ಹಳ್ಳಿಹಳ್ಳಿ ತಿರುಗಿದ್ದರು. 2023ರಲ್ಲಿ ತಮಟೆಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ನಮಗೂ ಎದೆ ಉಬ್ಬಿತು, ಸುಳ್ಳು ಹೇಳುವುದಿಲ್ಲ. ಅದು ಹೆಸರು ಹಿಡಿದು ಬಂದ ಮಾನ.

ಈಗ ನಮ್ಮ ತಪ್ಪು. ಧಣಿಯ ಹತ್ತಿರ ಜಗಳಕ್ಕೆ ಹೋದಾಗ ಒಂದು ಚೀಟಿ ಒಯ್ದಿದ್ದೆವು. ಅದರಲ್ಲಿ ನಮ್ಮ ಮೂವರ ಹೆಸರು ಇತ್ತು. ಕಾಕಾನ ಹೆಸರು ಇರಲಿಲ್ಲ. ಯಾರೂ ಬೇಕೆಂದು ಬಿಟ್ಟದ್ದಲ್ಲ, ನೆನಪೇ ಆಗಲಿಲ್ಲ. ಎರಡು ದಿನ ಕೂಲಿ ಬಿಟ್ಟು ಬಂದು, ಹಲಗಿ ಕಾಯಿಸಿ ಕಾಯಿಸಿ ಬಾರಿಸಿದವ ಅವನು. ಡಿಗ್ರಿ ಆದ ನಾವೇ ಅವನನ್ನು ಜಾನಪದ ಮಾಡಿದ್ದೆವು. ಧಣಿ ಬೆರಳು ಮಾಡಿ ತೋರಿಸಿದ: "ಹಲಗಿ ಯಾರದು? ನೀವೂ ಬರದಿಲ್ಲಲ್ಲ?" ಬಾಯಿ ಕಟ್ಟಿ ಹೊರಬಂದೆವು.

ಹುಕ್ಕೇರಿಯ ಗೆಳೆಯ ಒಂದು ಮಾತು ತೆಗೆದ. ಅವನ ತಾಲೂಕಿನಲ್ಲಿ ಕರೆಂಟು ಕೊಡುವುದು 1969ರಲ್ಲಿ ಕಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಅದರ ಚುನಾವಣೆಯ ರಾಜಕೀಯ ಬೇರೆ ಮಾತು. ಆದರೆ ಕರೆಂಟಿಗೆ ಸಂಘ ಕಟ್ಟಿದ ನೆಲದಾಗ ಹಾಡಿಗೊಂದು ಸಂಘ ಕಟ್ಟಲಿಕ್ಕೆ ಆಗೂದಿಲ್ಲೇನು? ರೆಕಾರ್ಡಿಂಗ್ ಮಷೀನು ನಮ್ಮದು, ಚಾನೆಲ್ ನಮ್ಮದು, ಲೆಕ್ಕ ಎಲ್ಲರ ಮುಂದೆ. ಮೂರೂ ತಾಲೂಕಿನ ಹಲಗಿಯವರು, ಸನಾದಿಯವರು, ಚೌಡಿಕೆಯವರು, ರ‍್ಯಾಪಿನ ಹುಡುಗರು ಸೇರಬಹುದು. ಮೊದಲ ಕಾಗದ ಬರೆಯಲು ಕಾಕಾನ ಮನೆಗೆ ಹೋದೆವು.

"ಹೆಸರು ತಗೊಂಡು ಏನ ಮಾಡ್ಲಿ, ರೊಕ್ಕ ಎಷ್ಟ ಹೇಳ್ರಿ" ಅಂದ ಕಾಕಾ. ಹೇಳಿದೆವು, ನಾಕರಲ್ಲಿ ಒಂದು ಪಾಲು. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಪೆನ್ನು ಹಿಡಿದವನ ಕಡೆ ತಿರುಗಿ, "ಹಂಗಾರ ಅಪ್ಪನ ಹೆಸರೂ ಬರಿ. ಈ ಹಲಗಿ ಅವಂದು" ಅಂದ.