ಕಣ್ಣಿಗೆ ಪಟ್ಟಿ, ಕಂಠಕ್ಕೆ ಮರೆ

ದೂರದರ್ಶನವೆಂಬುದು ಇನ್ನೂ ಹೊಸತಾಗಿದ್ದ ಕಾಲದಲ್ಲಿ, ಅಂದರೆ 1950ರ ಫೆಬ್ರವರಿಯಲ್ಲಿ, ಅಮೆರಿಕದ ಸಿ.ಬಿ.ಎಸ್. ಸಂಸ್ಥೆಯು ನ್ಯೂಯಾರ್ಕಿನಿಂದ ‘ವಾಟ್ಸ್ ಮೈ ಲೈನ್’ ಎಂಬ ವಿನೋದಕೂಟವೊಂದನ್ನು ಪ್ರಸಾರಮಾಡತೊಡಗಿತು. ಬಂದವರ ಉದ್ಯೋಗವೇನೆಂದು ನಾಲ್ವರು ಊಹಿಸಬೇಕು; ಆಟವಿಷ್ಟೇ. ಆದರೆ ಜನರು ಕಾದು ಕುಳಿತಿರುತ್ತಿದ್ದುದು ಗೂಢ ಅತಿಥಿಗಾಗಿ.

ಈ ಅತಿಥಿಯು ಲೋಕಪ್ರಸಿದ್ಧನಾದುದರಿಂದ ಆ ನಾಲ್ವರ ಕಣ್ಣಿಗೆ ಪಟ್ಟಿ ಕಟ್ಟಲಾಗುತ್ತಿತ್ತು. ಅತಿಥಿಯು ಹಲಗೆಯ ಮೇಲೆ ಹೆಸರು ಬರೆದೊಡನೆ ಸಭಿಕರ ಚಪ್ಪಾಳೆ ಮೊಳಗುವುದು. ಪತ್ರಕರ್ತೆ ಡೊರೊಥಿ ಕಿಲ್‌ಗ್ಯಾಲನ್, ನಟಿ ಆರ್ಲೀನ್ ಫ್ರಾನ್ಸಿಸ್, ಪ್ರಕಾಶಕ ಬೆನೆಟ್ ಸರ್ಫ್ ಮೊದಲಾದವರು ಸರದಿಯಂತೆ ಪ್ರಶ್ನಿಸುವರು; ಉತ್ತರ ಹೌದು ಇಲ್ಲವೆ ಅಲ್ಲ. ಒಂದೊಂದು ‘ಅಲ್ಲ’ಕ್ಕೆ 5 ಡಾಲರು, ಹತ್ತಾದರೆ ಅತಿಥಿಗೆ ಜಯ. ಐವತ್ತು ಡಾಲರಿಗಾಗಿ ಯಾವ ತಾರೆಯೂ ಬರುತ್ತಿರಲಿಲ್ಲವೆಂಬುದು ಬೇರೆ ಮಾತು!

ಮುಖವನ್ನು ಮರೆಸಬೇಕಾಗಿರಲಿಲ್ಲ, ಕಂಠವನ್ನು ಮರೆಸಬೇಕಾಗಿತ್ತು. ಗಂಭೀರ ಧ್ವನಿಯವರು ಕೀಚಲು ದನಿ ತೆಗೆಯುವರು, ಕೆಲವರು ಬರಿದೆ ಹೂಂಕರಿಸುವರು. 1957ರಲ್ಲಿ ಬಂದ ಚಿತ್ರಕಾರ ಸಾಲ್ವಡಾರ್ ಡಾಲಿಯಂತೂ ಕೇಳಿದುದಕ್ಕೆಲ್ಲ ಹೆಚ್ಚುಕಡಿಮೆ ಹೌದೆಂದೇ ಹೇಳಿ ನಿರ್ವಾಹಕ ಜಾನ್ ಡೇಲಿಯವರನ್ನು ಪೇಚಿಗೆ ಸಿಲುಕಿಸಿದನು. 1967ರ ಸೆಪ್ಟೆಂಬರಿನ ಕೊನೆಯ ಕೂಟದಲ್ಲಿ ಆ ಡೇಲಿಯವರೇ ಗೂಢ ಅತಿಥಿಯಾದರು.

ಮಾನಂದವಾಡಿಯಂಥ ಊರಿನಲ್ಲಿ ಬಾಳುವ ನಮಗೆ ಈ ಆಟ ಹೊಸತಲ್ಲ. ಪೇಟೆಯಲ್ಲಿ ಎಷ್ಟೇ ಶುದ್ಧವಾಗಿ ಮಲಯಾಳ ಆಡಿದರೂ ಎರಡನೆಯ ವಾಕ್ಯಕ್ಕೆ ಅಂಗಡಿಯವನು “ಕುಟ್ಟದ ಕಡೆಯವರೋ?” ಎಂದು ಕೇಳುತ್ತಾನೆ. ಹಿರಿಯರು ನಗುತ್ತ ಹೌದೆನ್ನುತ್ತಾರೆ. ನಮ್ಮ ಮಕ್ಕಳು ಹಾಗಲ್ಲ. ಗೆಳೆಯರ ನಡುವೆ ನಿಂತಾಗ ತಾಯಿ ಕನ್ನಡದಲ್ಲಿ ಕೂಗಿದರೆ ಮಲಯಾಳದಲ್ಲೇ ಓಗೊಡುತ್ತಾರೆ. ಅಮೆರಿಕದ ಅತಿಥಿಗೆ ಆ ವೇಷ ಕೆಲವು ನಿಮಿಷಗಳದು. ಆಟ ಮುಗಿದೊಡನೆ ಸ್ವಂತ ಕಂಠದಲ್ಲಿ ಹರಟುತ್ತಿದ್ದನು. ನಮ್ಮ ಮಕ್ಕಳ ಆಟಕ್ಕೆ ಗಂಟೆ ಬಾರಿಸುವವರು ಯಾರು?

ಬೈದರೆ ಪ್ರಯೋಜನವಿಲ್ಲ. ಈ ರಜೆಯಲ್ಲಿ ಅಜ್ಜಿಯ ಕಣ್ಣಿಗೆ ವಸ್ತ್ರ ಕಟ್ಟಿ ಆಡಿಸಿ ನೋಡಿರಿ. ಮೊಮ್ಮಗನ ‘ಹೌದು’ ಅಜ್ಜಿಗೆ ಕೂಡಲೇ ಗೊತ್ತಾದೀತು. ಆದುದರಿಂದ ಅವನು ಧಾರವಾಡದವರ ‘ಹೌದ್ರೀ’, ಮಂಗಳೂರಿನವರ ‘ಹೌದು ಮಾರಾಯ್ರೆ’ ಎಲ್ಲವನ್ನೂ ಕಲಿಯಬೇಕಾದೀತು. ಹತ್ತು ‘ಅಲ್ಲ’ಕ್ಕೆ ಹತ್ತು ಹಲಸಿನ ಹಪ್ಪಳ ಸಾಕು.